ಹತ್ತು ಸೆಂಟಿಮೀಟರಿನ ಬೆಲೆ: ಮಿನಿ ಟ್ರ್ಯಾಕ್ಟರ್ ಮತ್ತು ಕ್ವಿಕ್ ಹಿಚ್

ಮಿನಿ ಟ್ರ್ಯಾಕ್ಟರಿಗೆ ಮಣ್ಣು ಪುಡಿಮಾಡುವ ರೋಟವೇಟರ್ ಕಟ್ಟುವವರನ್ನು ಕಾಡುವುದು ಮೊದಲ ಪಿನ್ ಅಲ್ಲ, ಎರಡನೆಯದು. ಟ್ರ್ಯಾಕ್ಟರಿನ ಹಿಂದೆ ಚಾಚಿರುವ ಎರಡು ಕೆಳತೋಳುಗಳಲ್ಲಿ ಎಡಗಡೆಯದನ್ನು ಉಪಕರಣದ ಪಿನ್ನಿಗೆ ಮೊದಲು ಸಿಕ್ಕಿಸುವುದು ರೂಢಿ. ಸಾಮಾನ್ಯವಾಗಿ ಅದರ ಎತ್ತರವನ್ನು ಬದಲಿಸಲು ಬರುವುದಿಲ್ಲ. ಬಲಗಡೆಯದನ್ನಾದರೆ ಹಿಡಿ ತಿರುಗಿಸಿ ಏರಿಸಬಹುದು, ಇಳಿಸಬಹುದು. ಆದರೆ ಎಡಗಡೆ ಸೇರಿದ ಮೇಲೆ ಬಲಗಡೆಯ ತೂತು ಪಿನ್ನಿನಿಂದ ಬೆರಳಗಲ ಆಚೆ ನಿಂತುಬಿಡುತ್ತದೆ. ತೋಳಿನ ತುದಿಯಲ್ಲಿರುವ ಉಕ್ಕಿನ ಗುಂಡು ಓರೆಯಾಗಿ ತಿರುಗಿಕೊಂಡಿರುತ್ತದೆ. ಅದನ್ನು ಹೆಬ್ಬೆರಳಿನಿಂದ ನೇರ ಮಾಡಿ, ಹಾರೆಯಿಂದ ರೋಟವೇಟರನ್ನು ಮೀಟಿ, ಪಿನ್ ತೂರಿಸಿ, ಆಮೇಲೆ ಮೇಲಿನ ತೋಳಾದ ಟಾಪ್ ಲಿಂಕಿನ ಉದ್ದ ಹೊಂದಿಸಬೇಕು. ಅಷ್ಟೂ ಹೊತ್ತು ಒಬ್ಬ ಮನುಷ್ಯ ಹಿಂಗಾಲಿಗೂ ಉಪಕರಣಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಬಗ್ಗಿ ನಿಂತಿರುತ್ತಾನೆ. ಕ್ವಿಕ್ ಹಿಚ್ ಎಂಬ ಕಬ್ಬಿಣದ ಚೌಕಟ್ಟು ಅವನನ್ನು ಅಲ್ಲಿಂದ ಹೊರಗೆ ಕರೆತರುತ್ತದೆ. ಅದಕ್ಕೆ ಕೊಡಬೇಕಾದ ಬೆಲೆ ಮಾತ್ರ ಅಂಗಡಿಯ ಬಿಲ್ಲಿನಲ್ಲಿ ಪೂರ್ತಿ ಕಾಣುವುದಿಲ್ಲ.

ಮೂರು ತೋಳುಗಳ ಈ ಜೋಡಣೆಯ ಹಿಂದೆ ಇರುವ ಹೆಸರು ಐರ್ಲೆಂಡಿನ ಹ್ಯಾರಿ ಫರ್ಗುಸನ್. 1909ರ ಕೊನೆಯ ದಿನ ತಾನೇ ಕಟ್ಟಿದ ವಿಮಾನವನ್ನು ಹಾರಿಸಿದ ಮೆಕ್ಯಾನಿಕ್ ಈತ. 1917ರಲ್ಲಿ, ಮಹಾಯುದ್ಧದ ಆಹಾರ ಕೊರತೆಯ ನಡುವೆ, ಐರ್ಲೆಂಡಿನ ಕೃಷಿ ಮಂಡಳಿ ಟ್ರ್ಯಾಕ್ಟರುಗಳ ಸ್ಥಿತಿಗತಿ ನೋಡಲು ಈತನನ್ನು ಕಳಿಸಿತು. ಆಗ ನೇಗಿಲನ್ನು ಬಂಡಿಯಂತೆ ಹಿಂದಕ್ಕೆ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಬಂಡೆಗೆ ಸಿಕ್ಕಿಕೊಂಡಾಗ ಹಿಂಗಾಲಿ ತಿರುಗಲಾರದೆ ಇಡೀ ಟ್ರ್ಯಾಕ್ಟರೇ ಅದರ ಸುತ್ತ ಮೇಲೆದ್ದು ಚಾಲಕನ ಮೇಲೆ ಮಗುಚಿಕೊಳ್ಳುತ್ತಿತ್ತು. ಫರ್ಗುಸನ್ ನೇಗಿಲನ್ನು ಕೆಳಗೆ ಎರಡು, ಮೇಲೆ ಒಂದು ತೋಳಿನಿಂದ ಟ್ರ್ಯಾಕ್ಟರಿನ ಅಂಗವನ್ನಾಗಿಯೇ ಮಾಡಿದ. ನೇಗಿಲಿನ ಕುಳ ಕೆಳತೋಳುಗಳಿಗಿಂತ ಕೆಳಗಿರುವುದರಿಂದ, ಮಣ್ಣು ಅದನ್ನು ಹಿಂದಕ್ಕೆ ತಡೆದಾಗ ನೇಗಿಲಿನ ತಲೆ ಮುಂದಕ್ಕೆ ಬಾಗಲು ಹೋಗಿ ಮೇಲಿನ ತೋಳನ್ನು ಟ್ರ್ಯಾಕ್ಟರಿನತ್ತ ಒತ್ತುತ್ತದೆ. ಮುಂಭಾಗ ಮೇಲೇಳದಂತೆ ಅದುಮುವುದು ಈ ಒತ್ತಡವೇ. ಒತ್ತಡ ಹೆಚ್ಚಾದರೆ ಹೈಡ್ರಾಲಿಕ್ ಕವಾಟ ಅದನ್ನು ಗ್ರಹಿಸಿ ನೇಗಿಲನ್ನು ಒಂದಿಷ್ಟು ಎತ್ತುತ್ತದೆ. ಇಂದಿನ ಅನೇಕ ಮಿನಿ ಟ್ರ್ಯಾಕ್ಟರುಗಳಲ್ಲಿ ಈ ಗ್ರಹಣಶಕ್ತಿ ಇಲ್ಲ, ಎತ್ತಿಳಿಸುವ ವ್ಯವಸ್ಥೆ ಮಾತ್ರ ಇದೆ. ಆದರೂ ತೋಳುಗಳ ವಿನ್ಯಾಸ ಅದೇ. 1938ರಲ್ಲಿ ಹೆನ್ರಿ ಫೋರ್ಡ್ ಮತ್ತು ಫರ್ಗುಸನ್ ಬರೀ ಕೈ ಕುಲುಕಿ ಒಪ್ಪಂದ ಮಾಡಿಕೊಂಡರು, ಮರುವರ್ಷ 9ಎನ್ ಟ್ರ್ಯಾಕ್ಟರ್ ಹೊರಬಂತು. ಕಾಗದವಿಲ್ಲದ ಆ ಒಪ್ಪಂದ ಫೋರ್ಡನ ಮೊಮ್ಮಗನ ಕಾಲಕ್ಕೆ ಮುರಿದುಬಿದ್ದು, ಮೊಕದ್ದಮೆಯಾಗಿ, 1952ರಲ್ಲಿ ಫರ್ಗುಸನ್‌ಗೆ 92.5 ಲಕ್ಷ ಡಾಲರ್ ಕೊಡುವುದರೊಂದಿಗೆ ಇತ್ಯರ್ಥವಾಯಿತು.

ಕ್ವಿಕ್ ಹಿಚ್‌ನ ಪ್ರಸಿದ್ಧ ರೂಪ ಮೂರೂ ತೋಳುಗಳಿಗೆ ಕಾಯಂ ಆಗಿ ಕಟ್ಟಿಬಿಡುವ ಗಟ್ಟಿ ಚೌಕಟ್ಟು. ಅದರ ತಲೆಯಲ್ಲಿ ಒಂದು ಕೊಕ್ಕೆ, ಕೆಳಗೆ ಎರಡೂ ಬದಿಯಲ್ಲಿ ಬಾಯ್ದೆರೆದ ಅಚ್ಚುಗಳು. ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು, ಕೊಕ್ಕೆಯನ್ನು ಉಪಕರಣದ ಮೇಲಿನ ಪಿನ್ನಿನ ಕೆಳಗೆ ನಿಲ್ಲಿಸಿ ಹೈಡ್ರಾಲಿಕ್ ಎತ್ತಿದರೆ ಸಾಕು. ನನಗೆ ಇದರಲ್ಲಿ ಮೆಚ್ಚುಗೆಯಾಗುವುದು ಕೊಕ್ಕೆಯಲ್ಲ, ಕೊಕ್ಕೆ ಹಿಡಿದ ಮೇಲಿನ ಒಂದೆರಡು ಕ್ಷಣ. ಉಪಕರಣದ ಗುರುತ್ವ ಕೇಂದ್ರ ಮೇಲಿನ ಪಿನ್ನಿಗಿಂತ ಹಿಂದೆ ಇರುತ್ತದೆ. ಒಂದೇ ಪಿನ್ನಿನಿಂದ ತೂಗಿದಾಗ ಆ ಕೇಂದ್ರ ಪಿನ್ನಿನ ನೇರ ಕೆಳಕ್ಕೆ ಬರಲು ಹವಣಿಸುತ್ತದೆ. ಅಂದರೆ ಉಪಕರಣದ ಬುಡ ತಾನಾಗಿಯೇ ಟ್ರ್ಯಾಕ್ಟರಿನತ್ತ ತೊನೆದು, ಕೆಳಗಿನ ಎರಡು ಪಿನ್ನುಗಳು ಅಚ್ಚುಗಳೊಳಗೆ ಬಂದು ಕೂರುತ್ತವೆ. ಹಾರೆಯಿಂದ ಮೀಟುತ್ತಿದ್ದ ಕೆಲಸವನ್ನು ಉಪಕರಣದ ಭಾರವೇ ಮಾಡುತ್ತದೆ. ಆಮೇಲೆ ಚಿಲಕ ಬೀಳುತ್ತದೆ. ಅದು ಎರಡೂ ಕಡೆ ಪೂರ್ತಿ ಬಿದ್ದಿದೆಯೇ ಎಂದು ಕಣ್ಣಿನಿಂದ ನೋಡಿಯೇ ಹೊರಡಬೇಕು. ನೆಲ ಓರೆಯಾಗಿದ್ದರೆ ಒಂದು ಪಿನ್ ಕೂತು ಇನ್ನೊಂದು ಅಚ್ಚಿನ ತುಟಿಯ ಮೇಲೇ ಉಳಿಯುವುದುಂಟು. ಉಪಕರಣಗಳನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿಡುವುದು ಅದಕ್ಕಾಗಿಯೇ.

ಈಗ ಬೆಲೆಯ ಮಾತು. ಚೌಕಟ್ಟಿಗೂ ದಪ್ಪವಿದೆ, ಉಪಕರಣ ಸುಮಾರು ಹತ್ತು ಸೆಂಟಿಮೀಟರ್ ಹಿಂದಕ್ಕೆ ಸರಿಯುತ್ತದೆ. ದೊಡ್ಡ ಟ್ರ್ಯಾಕ್ಟರಿಗೆ ಅದು ಲೆಕ್ಕಕ್ಕಿಲ್ಲ. ಚಿಕ್ಕದಕ್ಕೆ ಇದೆ. ಹಿಂಗಾಲಿಗಳ ಆಕ್ಸಲನ್ನು ಆಧಾರವಾಗಿಟ್ಟುಕೊಂಡರೆ ಟ್ರ್ಯಾಕ್ಟರ್ ಒಂದು ಏತದಂತೆ: ಹಿಂದೆ ಭಾರ ಹೆಚ್ಚಿದಷ್ಟೂ ಮುಂದಿನದು ಹಗುರಾಗುತ್ತದೆ. ಒಂದು ಲೆಕ್ಕ ಹಾಕೋಣ. ಟ್ರ್ಯಾಕ್ಟರಿನ ತೂಕ 650 ಕೆ.ಜಿ., ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಒಂದೂವರೆ ಮೀಟರ್, ಮುಂಗಾಲಿಗಳ ಮೇಲೆ 260 ಕೆ.ಜಿ. ಎಂದಿರಲಿ. ರೋಟವೇಟರ್ 180 ಕೆ.ಜಿ.; ಅದರ ಗುರುತ್ವ ಕೇಂದ್ರ ಹಿಂದಿನ ಆಕ್ಸಲ್‌ನಿಂದ 105 ಸೆಂ.ಮೀ. ದೂರದಲ್ಲಿದೆ. ಅದನ್ನು ಎತ್ತಿದಾಗ ಮುಂಗಾಲಿಗಳಿಂದ 126 ಕೆ.ಜಿ. ಹೊರಟುಹೋಗಿ 134 ಉಳಿಯುತ್ತದೆ. ಟ್ರ್ಯಾಕ್ಟರಿನ ಸ್ವಂತ ತೂಕದ ಶೇ. 20ರಷ್ಟಾದರೂ ಮುಂಗಾಲಿಗಳ ಮೇಲಿರಬೇಕು ಎಂಬುದು ಬಳಕೆದಾರರ ಕೈಪಿಡಿಗಳು ಹೇಳುವ ಮಾತು. ಇಲ್ಲಿ ಅದು 130 ಕೆ.ಜಿ.; ಅಂತೂ ಪಾರಾದೆವು. ಈಗ 30 ಕೆ.ಜಿ.ಯ ಚೌಕಟ್ಟನ್ನು ಸೇರಿಸಿ, ರೋಟವೇಟರನ್ನು ಹತ್ತು ಸೆಂಟಿಮೀಟರ್ ಹಿಂದಕ್ಕೆ ತಳ್ಳಿ. ಮುಂದೆ ಉಳಿಯುವುದು ಸುಮಾರು 109 ಕೆ.ಜಿ. ಸ್ಟೀರಿಂಗ್ ತಿರುಗುತ್ತದೆ, ಗಾಡಿ ತಿರುಗುವುದಿಲ್ಲ. ಇಳಿಜಾರಿನ ಅಡಿಕೆ ತೋಟದ ದಿಣ್ಣೆ ಹತ್ತುವಾಗ ಇದು ಗೊತ್ತಾಗುವುದು ಒಳ್ಳೆಯದಲ್ಲ. ಮುಂದೆ ಬಂಪರಿಗೆ ತೂಕದ ಬಿಲ್ಲೆಗಳನ್ನು ತೂಗಿಹಾಕಿದರೆ ಸರಿಹೋಗುತ್ತದೆ, ಆದರೆ ಅದೂ ಖರ್ಚಿನ ಬಾಬ್ತು.

ಅದೇ ಹತ್ತು ಸೆಂಟಿಮೀಟರ್, ಎಂಜಿನ್ನಿನ ತಿರುಗುಬಲವನ್ನು ಉಪಕರಣಕ್ಕೆ ಮುಟ್ಟಿಸುವ ಪಿಟಿಒ ಶಾಫ್ಟಿಗೂ ತಗಲುತ್ತದೆ. ಒಂದರೊಳಗೊಂದು ಜಾರುವ ಅದರ ಎರಡು ಕೊಳವೆಗಳು ಅಷ್ಟು ಹೊರಕ್ಕೆ ಬಂದು, ಒಳಗೆ ಉಳಿಯುವ ಹಿಡಿತ ಕಡಿಮೆಯಾಗುತ್ತದೆ. ಹಿಡಿತ ತೀರಾ ಕಡಿಮೆಯಾದರೆ ಉದ್ದದ ಶಾಫ್ಟ್ ಕೊಳ್ಳಬೇಕು. ಚೌಕಟ್ಟು ಶಾಫ್ಟನ್ನು ತಾನೇ ಜೋಡಿಸುವುದಿಲ್ಲ ಎಂಬುದನ್ನು ಜಾಹೀರಾತುಗಳು ಮೆಲ್ಲಗೆ ಮರೆಯುತ್ತವೆ. ರೋಟವೇಟರಿಗಾಗಿ ಸೀಟಿನಿಂದ ಇಳಿದು ಬಗ್ಗಲೇಬೇಕು, ಅದೂ ಎಂಜಿನ್ ಆರಿಸಿಯೇ. ಶಾಫ್ಟಿನ ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. 35 ಮಿ.ಮೀ. ದಪ್ಪದ ಬರಿಯ ಶಾಫ್ಟ್ ಕೂಡ ಆ ವೇಗದಲ್ಲಿ ಸೆಕೆಂಡಿಗೆ ಹತ್ತಿರಹತ್ತಿರ ಒಂದು ಮೀಟರ್ ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಹೆಗಲ ಮೇಲಿನ ಟವೆಲನ್ನು ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ.

ನಮ್ಮಲ್ಲಿ ಇದನ್ನು ಕೊಳ್ಳುವವರು ಎಡವುವುದು ಅಳತೆಯಲ್ಲಿ. ಒಂದನೆಯ ವರ್ಗದ (ಕ್ಯಾಟಗರಿ 1, ಚಿಕ್ಕ ಟ್ರ್ಯಾಕ್ಟರುಗಳ ಅಳತೆ) ಉಪಕರಣಗಳ ಕೆಳಪಿನ್ 22 ಮಿ.ಮೀ., ಮೇಲಿನದು 19. ಐಎಸ್‌ಒ 730 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಮೇಲಿನ ಪಿನ್ ಕೆಳಗಿನವುಗಳಿಗಿಂತ 460 ಮಿ.ಮೀ. ಎತ್ತರದಲ್ಲಿರಬೇಕು. ಅಮೆರಿಕದ ಕ್ವಿಕ್ ಹಿಚ್ ಮಾನದಂಡ ಹೇಳುವುದು 15 ಅಂಗುಲ, ಅಂದರೆ 381 ಮಿ.ಮೀ. ಅದರ ಅಚ್ಚುಗಳೂ ಬರಿಯ ಪಿನ್ನಿಗೆ ಹೊಂದುವುದಿಲ್ಲ, 22 ಮಿ.ಮೀ. ಪಿನ್ನಿಗೆ ಹೊರಗಿನಿಂದ ಮೂವತ್ತಾರೂವರೆ ಮಿ.ಮೀ. ಅಗಲದ ಬುಶ್ ಎಂಬ ಕೊಳವೆ ತೊಡಿಸಬೇಕು. ಅಂಗೈಯಗಲದಷ್ಟಿರುವ ಎತ್ತರದ ಈ ವ್ಯತ್ಯಾಸವನ್ನು ಯಾವ ಬುಶ್ಶೂ ತುಂಬುವುದಿಲ್ಲ, ಮೇಲಿನ ಪಿನ್ನಿಗೆ ಹೊಸ ತೂತು ಕೊರೆಯಬೇಕು ಇಲ್ಲವೇ ಪಟ್ಟಿ ಬೆಸೆಯಬೇಕು. ಇನ್ನು ಊರಿನ ವೆಲ್ಡಿಂಗ್ ಶೆಡ್ಡಿನಲ್ಲಿ ಮಾಡಿಸಿದ ಕುಂಟೆ, ಕಲ್ಟಿವೇಟರುಗಳಿದ್ದರೆ ಒಂದೊಂದರದ್ದು ಒಂದೊಂದು ಅಳತೆ. ಟಾಪ್ ಲಿಂಕನ್ನು ತಿರುಗಿಸಿ ಉದ್ದ ಹೊಂದಿಸಬಹುದಾದ್ದರಿಂದ ಇಷ್ಟು ದಿನ ಯಾರಿಗೂ ಅದು ತೊಡಕೆನಿಸಿರಲಿಲ್ಲ. ಗಟ್ಟಿ ಚೌಕಟ್ಟು ಅಂಥ ಅಡ್ಡಾದಿಡ್ಡಿಯನ್ನು ಸಹಿಸುವುದಿಲ್ಲ. ಕೊಳ್ಳುವ ಮುನ್ನ ಟೇಪ್ ಹಿಡಿದು ಮನೆಯ ಎಲ್ಲ ಉಪಕರಣಗಳನ್ನೂ ಅಳೆಯುವುದು ಲೇಸು.

ಚೌಕಟ್ಟೇ ಬೇಕೆಂದೇನಿಲ್ಲ. ಕೆಳತೋಳಿನ ತುದಿಯಲ್ಲೇ ಮೇಲ್ಮುಖವಾಗಿ ಬಾಯಿ ತೆರೆದ ಕೊಕ್ಕೆ ಇದ್ದು, ಉಪಕರಣದ ಪಿನ್ನಿಗೆ ಮೊದಲೇ ತೊಡಿಸಿದ ಗುಂಡನ್ನು ಅದು ಕೆಳಗಿನಿಂದ ಎತ್ತಿಕೊಳ್ಳುವ ಬಗೆ ಯುರೋಪಿನಲ್ಲಿ ಬಲು ಬಳಕೆಯದು. ಟಾಪ್ ಲಿಂಕ್ ಬೇರೆಯಾಗಿಯೇ ಉಳಿಯುವುದರಿಂದ ಎತ್ತರದ ತಕರಾರೇ ಇಲ್ಲ. ಎಳೆದರೆ ಉದ್ದವಾಗಿ, ಟ್ರ್ಯಾಕ್ಟರ್ ಹಿಂದಕ್ಕೆ ಬಂದಾಗ ತಾನೇ ಒಳಸರಿದು ಚಿಲಕ ಬೀಳುವ ಕೆಳತೋಳುಗಳೂ ಇವೆ. ಬೆರಳಗಲದ ಅಂತರಕ್ಕೆ ಹಾರೆ ಹಿಡಿಯುವ ಕೆಲಸ ಅಲ್ಲಿಯೇ ಮುಗಿಯುತ್ತದೆ, ಉಪಕರಣವೂ ಹಿಂದೆ ಸರಿಯುವುದಿಲ್ಲ. ದಿನಕ್ಕೆ ಮೂರು ನಾಲ್ಕು ಬಾರಿ ಉಪಕರಣ ಬದಲಿಸುವ ಬಾಡಿಗೆ ಟ್ರ್ಯಾಕ್ಟರಿನವರಿಗೆ ಪೂರ್ತಿ ಚೌಕಟ್ಟು ಲಾಭವೇ. ಮಳೆಗಾಲ ಮುಗಿದ ಮೇಲೆ ಒಮ್ಮೆ ರೋಟವೇಟರ್ ಕಟ್ಟಿ ಮುಂದಿನ ಸುಗ್ಗಿಯವರೆಗೆ ಬಿಚ್ಚದ ತೋಟದವರು ಆ ಹಣದಲ್ಲಿ ಇಂಥ ತೋಳುಗಳನ್ನು ಹಾಕಿಸಿಕೊಂಡು, ಮಿಕ್ಕಿದ್ದರಲ್ಲಿ ಮುಂದಕ್ಕೆ ಎರಡು ತೂಕದ ಬಿಲ್ಲೆ ಕೊಳ್ಳಬಹುದು.