ಪರದೆ ಮೇಲೆ ಅಕ್ಷರ ಗಜಿಬಿಜಿ: ಎಲ್ಲಿ ಕೆಟ್ಟಿತು ಅಂತ ಹುಡುಕುವುದು ಹೇಗೆ?

ಫೈಲ್ ತೆರೆದಾಗ ಅರ್ಥವಾಗದ ಚಿಹ್ನೆಗಳ ಸಾಲು ಕಂಡರೆ ಮೊದಲು ಮಾಡಬೇಕಾದ್ದು ಒಂದೇ: ಅದನ್ನು ಸೇವ್ ಮಾಡಬಾರದು. ಮುಚ್ಚುವಾಗ 'ಸೇವ್ ಮಾಡಲೇ?' ಅಂತ ಕೇಳಿದರೂ ಬೇಡ ಅನ್ನಿ. ಎಷ್ಟೋ ಸಲ ಒಳಗಿನ ಬರಹ ಸರಿಯಾಗಿಯೇ ಇರುತ್ತದೆ, ಅದನ್ನು ತೋರಿಸುವಲ್ಲಿ ಎಡವಟ್ಟಾಗಿರುತ್ತದೆ. ಸೇವ್ ಮಾಡಿದರೆ ಆ ಎಡವಟ್ಟೇ ಫೈಲಿನೊಳಗೆ ಸೇರಿಕೊಳ್ಳುತ್ತದೆ. ಹೀಗೆ ಕಳೆದುಹೋದ ಟಿಪ್ಪಣಿಗಳನ್ನು ಮತ್ತೆ ಬರೆದ ಮೇಲೆಯೇ ನಾನು ಈ ವಿಷಯ ಕೂತು ಕಲಿತದ್ದು.

ಅಕ್ಷರ ನಮ್ಮ ಕಣ್ಣಿಗೆ ಬೀಳುವ ಮುಂಚೆ ಹಲವು ಕೈ ದಾಟಿ ಬರುತ್ತದೆ. ಫೈಲಿನಲ್ಲಿ ಇರುವುದು ಬರೀ ಸಂಖ್ಯೆಗಳು. ಯಾವ ಸಂಖ್ಯೆ ಯಾವ ಅಕ್ಷರ ಅಂತ ಹೇಳುವುದು ಎನ್‌ಕೋಡಿಂಗ್. ಆ ಅಕ್ಷರಕ್ಕೆ ರೂಪ ಕೊಡುವುದು ಫಾಂಟ್. ಆ ರೂಪಗಳಿರುವ ಚಿತ್ರವನ್ನು ಚುಕ್ಕೆಗಳಾಗಿ ಪರದೆಗೆ ಕಳಿಸುವುದು ಗ್ರಾಫಿಕ್ಸ್ ಕಾರ್ಡ್. ಆಮೇಲೆ ಕೇಬಲ್, ಕೊನೆಗೆ ಮಾನಿಟರ್. ಕೆಟ್ಟಿದ್ದು ಇವುಗಳಲ್ಲಿ ಯಾವುದು ಅಂತ ಗೊತ್ತಾಗದೆ ರಿಪೇರಿಗೆ ಇಳಿದರೆ ಸುಮ್ನೆ ಸಮಯ ಹಾಳು.

ಯಂತ್ರದ ಕಡೆಯ ತೊಂದರೆಯನ್ನು ಬೇಗ ಬೇರೆ ಮಾಡಬಹುದು. ಒಂದು ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲಿ ನೋಡಿ. ಅಲ್ಲಿ ಚೆನ್ನಾಗಿ ಕಂಡರೆ ತೊಂದರೆ ಕೇಬಲ್, ಮಾನಿಟರ್ ಅಥವಾ ಕೇಬಲ್ ಚುಚ್ಚುವ ಜಾಗದಲ್ಲಿರುವ ಸಾಧ್ಯತೆ ಹೆಚ್ಚು. ಕೇಬಲ್ ತೆಗೆದು ಬಿಗಿಯಾಗಿ ಹಾಕಿ, ಇನ್ನೊಂದು ಇದ್ದರೆ ಬದಲಿಸಿ. ಸ್ಕ್ರೀನ್‌ಶಾಟ್‌ನಲ್ಲೂ ಗಜಿಬಿಜಿ ಇದ್ದರೆ ತೊಂದರೆ ಅದಕ್ಕೂ ಹಿಂದಿನದು. ಕಂಪ್ಯೂಟರ್ ಆನ್ ಮಾಡಿದಾಗ ವಿಂಡೋಸ್ ಬರುವ ಮೊದಲೇ ಪರದೆ ಒಡೆದಂತೆ ಕಂಡರೆ ಫಾಂಟ್ ಹುಡುಕುವುದರಲ್ಲಿ ಅರ್ಥವಿಲ್ಲ. ಎಲ್ಲಾ ಪ್ರೋಗ್ರಾಂಗಳಲ್ಲೂ ಅಕ್ಷರ ಹರಿದಂತಿದ್ದರೆ ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಕೀಗಳನ್ನು ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂ ಹೊಸದಾಗಿ ಶುರುವಾಗುತ್ತದೆ. ಅಕ್ಷರ ಬರೀ ಮಸುಕಾಗಿದ್ದರೆ ರೆಸಲ್ಯೂಷನ್ (ಪರದೆಯ ಚುಕ್ಕೆಗಳ ಲೆಕ್ಕ) ನೋಡಿ, ಮಾನಿಟರಿನ ಸಹಜ ಅಳತೆಗೆ ಇಡಿ.

ಒಂದೇ ಫೈಲು ಅಥವಾ ಒಂದೇ ಪ್ರೋಗ್ರಾಂ ಮಾತ್ರ ಕೆಟ್ಟಿದ್ದರೆ? ಆಗ ಯಂತ್ರವನ್ನು ಬಿಟ್ಟುಬಿಡಿ, ಗಜಿಬಿಜಿಯನ್ನೇ ದಿಟ್ಟಿಸಿ ನೋಡಿ. ಅದರ ಆಕಾರದಲ್ಲೇ ಕಾರಣ ಇರುತ್ತದೆ.

'ಕ' ಅಕ್ಷರವನ್ನೇ ತೆಗೆದುಕೊಳ್ಳೋಣ. ಹಲವು ಭಾಷೆಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅದರ ಸಂಖ್ಯೆ 3221. ಯುಟಿಎಫ್-8 ವಿಧಾನದಲ್ಲಿ ಬರೆದರೆ ಅದು ಮೂರು ಬೈಟ್, ಅಂದರೆ 0ಯಿಂದ 255ರೊಳಗಿನ ಮೂರು ಸಂಖ್ಯೆ, ಆಗುತ್ತದೆ: 224, 178, 149. ಓದುವ ಪ್ರೋಗ್ರಾಂಗೆ ಈ ಮೂರೂ ಸೇರಿ ಒಂದು ಅಕ್ಷರ ಅಂತ ಗೊತ್ತಿದ್ದರೆ 'ಕ' ಕಾಣುತ್ತದೆ. ಆದರೆ ಅದು ವಿಂಡೋಸ್-1252 ಎಂಬ ಹಳೆಯ ಪಟ್ಟಿ ಹಿಡಿದು ಓದಿದರೆ ಒಂದೊಂದು ಬೈಟಿಗೂ ಒಂದೊಂದು ಅಕ್ಷರ ಕೊಡುತ್ತದೆ. 224 ಅಂದರೆ ತಲೆ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್ ಎ. 178 ಅಂದರೆ ಮೇಲಕ್ಕೇರಿಸಿ ಬರೆದ ಪುಟ್ಟ 2. 149 ಅಂದರೆ ದಪ್ಪ ಚುಕ್ಕೆ. ಕನ್ನಡದ ಎಲ್ಲಾ ಅಕ್ಷರಗಳೂ ಯುಟಿಎಫ್-8ರಲ್ಲಿ 224ರಿಂದಲೇ ಶುರು, ಎರಡನೆಯ ಬೈಟು 178 ಇಲ್ಲವೇ 179. ಹಾಗಾಗಿ ಓರೆ ಗೆರೆಯ ಎ, ಅದರ ಪಕ್ಕ ಪುಟ್ಟ 2 ಅಥವಾ 3, ಇದೇ ಜೋಡಿ ಸಾಲುದ್ದಕ್ಕೂ ಮರುಕಳಿಸಿದರೆ ನೆಮ್ಮದಿಯಾಗಿರಿ. ಅದು ಕನ್ನಡವೇ, ತಪ್ಪು ಪಟ್ಟಿಯಲ್ಲಿ ಓದಿದ ಕನ್ನಡ! ಇಂಥ ಗಜಿಬಿಜಿಗೆ ಜಪಾನಿ ಭಾಷೆಯಲ್ಲಿ ಮೊಜಿಬಾಕೆ ಅನ್ನುತ್ತಾರೆ. ಆ ಪದವೇ ಈಗ ಎಲ್ಲಾ ಕಡೆ ಬಳಕೆಯಲ್ಲಿದೆ.

ಸರಿಮಾಡಲು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ತರಹದ ಎಡಿಟರ್‌ನಲ್ಲಿ ಫೈಲ್ ತೆರೆದು, ಎನ್‌ಕೋಡಿಂಗ್ ಮೆನುವಿನಲ್ಲಿ ಯುಟಿಎಫ್-8 ಆರಿಸಿ. ಅಲ್ಲೇ ಕೆಳಗೆ 'ಯುಟಿಎಫ್-8ಗೆ ಕನ್ವರ್ಟ್' ಅಂತ ಇನ್ನೊಂದು ಆಯ್ಕೆ ಇರುತ್ತದೆ. ಕಲಿಯುವವರು ಜಾಸ್ತಿ ಎಡವುವುದು ಇಲ್ಲೇ. ಮೊದಲನೆಯದು ಬೈಟುಗಳನ್ನು ಮುಟ್ಟದೆ ಓದುವ ರೀತಿ ಮಾತ್ರ ಬದಲಿಸುತ್ತದೆ. ಎರಡನೆಯದು ಪರದೆ ಮೇಲೆ ಕಾಣುವ ಗಜಿಬಿಜಿಯನ್ನೇ ನಿಜವಾದ ಬರಹ ಅಂತ ತಿಳಿದು ಮತ್ತೆ ಬರೆಯುತ್ತದೆ. ಆಗ ಮೂರು ಬೈಟಿನ 'ಕ' ಏಳು ಬೈಟ್ ಆಗಿ ಕೂರುತ್ತದೆ.

ಎಕ್ಸೆಲ್‌ನಲ್ಲಿ ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಮಾಹಿತಿಯ ಸಾದಾ ಫೈಲ್) ತೆರೆದಾಗಲೂ ಇದೇ ಕಥೆ. ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಖಾಲಿ ಹಾಳೆ ತೆರೆದು, ಡೇಟಾ ಮೆನುವಿನಿಂದ ಫೈಲನ್ನು ಒಳಗೆ ತನ್ನಿ. ಯಾವ ಎನ್‌ಕೋಡಿಂಗ್ ಅಂತ ಆರಿಸುವ ಜಾಗದಲ್ಲಿ 65001 ಇರುವ ಸಾಲು ಹಿಡಿಯಿರಿ. ಯುಟಿಎಫ್-8ಕ್ಕೆ ವಿಂಡೋಸ್ ಇಟ್ಟಿರುವ ಸಂಖ್ಯೆ ಅದು.

ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ ಸಾಮಾನ್ಯವಾಗಿ ಎನ್‌ಕೋಡಿಂಗ್ ಸರಿಯಾಗಿದೆ, ಆ ಲಿಪಿಯ ಫಾಂಟ್ ಸಿಗುತ್ತಿಲ್ಲ ಅಷ್ಟೇ. ಈ ಚೌಕಗಳಿಗೆ ಟೋಫು (ಸೋಯಾ ಪನೀರ್) ಅಂತ ಅಡ್ಡಹೆಸರು. ಗೂಗಲ್‌ನ ನೋಟೋ ಫಾಂಟುಗಳ ಹೆಸರು ಬಂದದ್ದೂ 'ನೋ ಟೋಫು', ಅಂದರೆ 'ಟೋಫು ಬೇಡ' ಎಂಬುದರಿಂದಲೇ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಫಾಂಟ್ ಕನ್ನಡ ತೋರಿಸುತ್ತದೆ.

ಓರೆ ಗೆರೆಯ ಎ ಮತ್ತು ಪುಟ್ಟ 2 ಅಥವಾ 3ರ ಜೋಡಿ ಮರುಕಳಿಸದೆ, ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ ಹೊತ್ತ ಅಕ್ಷರ, ಚಿಹ್ನೆಗಳು ಅಡ್ಡಾದಿಡ್ಡಿ ಬಿದ್ದಿದ್ದರೆ ಅದು 'ನುಡಿ' ಅಥವಾ 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನ ಫೈಲ್ ಇರಬಹುದು. ಯೂನಿಕೋಡ್ ಅಲ್ಲದ ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಗೆರೆ ಹೊತ್ತ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಚೂರುಗಳನ್ನು ಜೋಡಿಸಿದ್ದರು. ಎನ್‌ಕೋಡಿಂಗ್ ಬದಲಿಸಿ ಪ್ರಯೋಜನವಿಲ್ಲ. ಅದೇ ಫಾಂಟ್ ಹಾಕಿ ಓದಿ, ಇಲ್ಲವೇ ಕನ್ವರ್ಟರ್‌ನಿಂದ ಯೂನಿಕೋಡ್‌ಗೆ ತನ್ನಿ.

ಇನ್ನು ಪ್ರಶ್ನಾರ್ಥಕ ಚಿಹ್ನೆಗಳು. ಇವು ಎರಡು ಬಗೆ. ಕಪ್ಪು ವಜ್ರದಾಕಾರದೊಳಗೆ ಚಿಹ್ನೆ ಇದ್ದರೆ 'ಈ ಬೈಟು ನನಗೆ ಅರ್ಥವಾಗಲಿಲ್ಲ' ಅಂತ ಪ್ರೋಗ್ರಾಂ ಹೇಳುತ್ತಿದೆ. ಫೈಲಿನಲ್ಲಿ ಮೂಲ ಇನ್ನೂ ಇರಬಹುದು, ಬೇರೆ ಎನ್‌ಕೋಡಿಂಗ್‌ನಲ್ಲಿ ತೆರೆದು ನೋಡಿ. ಆದರೆ ಸಾಲಿಗೆ ಸಾಲೇ ಬರೀ ಸಾದಾ ಪ್ರಶ್ನಾರ್ಥಕ ಚಿಹ್ನೆಯಾಗಿದ್ದರೆ, ಕನ್ನಡಕ್ಕೆ ಜಾಗವಿಲ್ಲದ ಪಟ್ಟಿಯಲ್ಲಿ ಯಾರೋ ಸೇವ್ ಮಾಡಿರುವ ಸಾಧ್ಯತೆಯೇ ಹೆಚ್ಚು. ನೋಟ್‌ಪ್ಯಾಡಿನಲ್ಲಿ ಆನ್ಸಿ (ವಿಂಡೋಸ್-1252 ತರಹದ ಹಳೆಯ ಪಟ್ಟಿ) ಅಂತ ಆರಿಸಿ ಸೇವ್ ಮಾಡಿದರೆ ಹೀಗಾಗುತ್ತದೆ. ಅದು ಮೊದಲೇ ಎಚ್ಚರಿಸುತ್ತದೆ, ನಾವು ಓದದೆ ಸರಿ ಅಂದುಬಿಡುತ್ತೇವೆ, ಅಲ್ವಾ? ಆ ಫೈಲಿನಲ್ಲಿ ಈಗ ಉಳಿದಿರುವುದು ಪ್ರಶ್ನಾರ್ಥಕ ಚಿಹ್ನೆಯ ಸಂಖ್ಯೆಯಾದ 63 ಮಾತ್ರ, ಮತ್ತೆ ಮತ್ತೆ. ಅದರಿಂದ ಅಕ್ಷರ ವಾಪಸ್ ತೆಗೆಯಲು ಆಗುವುದಿಲ್ಲ. ಹಳೆಯ ಬ್ಯಾಕಪ್ಪನ್ನೋ ಕಳಿಸಿದವರ ಬಳಿ ಇರುವ ಮೂಲ ಪ್ರತಿಯನ್ನೋ ಹುಡುಕಬೇಕು.