ಬುಸಲ್ಫಾನ್ ಮಟ್ಟ ಅಳೆಯುವ ಕೆಲಸ ನಡೆದು ಬಂದ ದಾರಿ

ಅಸ್ಥಿಮಜ್ಜೆ ಕಸಿಗೆ ಮುಂಚೆ ಕೊಡುವ ಬುಸಲ್ಫಾನ್ ಎಂಬ ಔಷಧ ರಕ್ತದಲ್ಲಿ ಮಿತಿ ಮೀರಿದರೆ ಯಕೃತ್ತಿನ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ. ಸಾಲದೆ ಹೋದರೆ ಹೊಸ ಮಜ್ಜೆ ಹಿಡಿಯುವುದಿಲ್ಲ, ಇಲ್ಲವೇ ರೋಗ ಮರಳುತ್ತದೆ. ಒಂದೇ ತೂಕದ ಇಬ್ಬರಿಗೆ ಒಂದೇ ಡೋಸ್ ಕೊಟ್ಟರೂ ಮಟ್ಟ ಒಂದೇ ಇರುವುದಿಲ್ಲ. ಹಾಗಾಗಿ ಅಳೆಯಲೇಬೇಕು.

1950ರ ದಶಕದಲ್ಲಿ ಈ ಔಷಧ ದೀರ್ಘಕಾಲದ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತಕ್ಯಾನ್ಸರಿಗೆ ಸಣ್ಣ ಮಾತ್ರೆಯಾಗಿ ಬಂದಾಗ ರಕ್ತದ ಎಣಿಕೆ ನೋಡಿ ಡೋಸ್ ಬದಲಿಸಿದರೆ ಸಾಕಿತ್ತು. 1983ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಸಾಂಟೋಸ್ ತಂಡ ಕಸಿಗೆಂದು ಕಿಲೋಗೆ 16 ಮಿ.ಗ್ರಾಂ.ನಂತೆ ನಾಲ್ಕು ದಿನದಲ್ಲಿ ಕೊಡುವ ಪದ್ಧತಿಯನ್ನು ಪ್ರಕಟಿಸಿತು. ಆಗ ಆ ಹಳೆಯ ಲೆಕ್ಕ ನಿಲ್ಲಲಿಲ್ಲ.

ಅಳೆಯಲು ಕೈಗೆ ಸಿಕ್ಕಿದ್ದು ಗ್ಯಾಸ್ ಕ್ರೊಮ್ಯಾಟೊಗ್ರಫಿ, ಅಂದರೆ ವಸ್ತುಗಳನ್ನು ಆವಿಯಾಗಿಸಿ ಬೇರ್ಪಡಿಸುವ ವಿಧಾನ. ಜೇಮ್ಸ್ ಮತ್ತು ಮಾರ್ಟಿನ್ 1952ರಲ್ಲಿ ಕೊಟ್ಟ ಈ ವಿಧಾನಕ್ಕೆ ಒಂದು ಷರತ್ತಿದೆ: ವಸ್ತು ಕೆಡದೆ ಆವಿಯಾಗಬೇಕು. ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧ ಹಾಗೆ ಆವಿಯಾಗದು, ಅದಕ್ಕೆ ಬೇರೆ ಪರೀಕ್ಷೆಗಳೇ ಆದವು. ಬುಸಲ್ಫಾನ್‌ಗೆ 1983ರಲ್ಲೇ ಸ್ವೀಡನ್ನಿನ ಹಸನ್ ಮತ್ತು ಏರ್ಸನ್ ಉಪಾಯ ಕಂಡರು. ರಕ್ತದ ದ್ರವಭಾಗವಾದ ಪ್ಲಾಸ್ಮಾಕ್ಕೆ ಸೋಡಿಯಂ ಅಯೊಡೈಡ್ ಮತ್ತು ಹೆಪ್ಟೇನ್ ಎಂಬ ದ್ರಾವಕ ಸೇರಿಸಿ ಬಿಸಿ ಮಾಡುತ್ತಾ ಕಲಕಿದರೆ ಅಣುವಿನ ಎರಡು ತುದಿಗೂ ಅಯೊಡಿನ್ ಕೂರುತ್ತದೆ; ಹುಟ್ಟಿದ ಡೈಅಯೊಡೊಬ್ಯುಟೇನ್ ಹೆಪ್ಟೇನ್‌ಗೆ ಏರುತ್ತದೆ. ಅಯೊಡಿನ್ ಎಲೆಕ್ಟ್ರಾನ್ ಹಿಡಿಯುವುದರಿಂದ, ಲವ್‌ಲಾಕ್ 1957ರಲ್ಲಿ ರೂಪಿಸಿದ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್ ಅದನ್ನು ತೀರಾ ಕಡಿಮೆ ಪ್ರಮಾಣದಲ್ಲೂ ಪತ್ತೆ ಹಚ್ಚುತ್ತದೆ. ಮೈಸೂರಿನಲ್ಲಿ ಆಹಾರದ ಕೀಟನಾಶಕ ಉಳಿಕೆ ನೋಡುವವರಿಗೆ ಈ ಡಿಟೆಕ್ಟರ್ ಚೆನ್ನಾಗಿ ಗೊತ್ತು.

ಇಲ್ಲಿ ಎಡವುವ ಜಾಗಗಳೂ ಇವೆ. ಹೆಪ್ಟೇನನ್ನು ಪೂರ್ತಿ ಒಣಗಿಸಲು ಹೋದರೆ ಡೈಅಯೊಡೊಬ್ಯುಟೇನ್ ಜೊತೆಗೇ ಹಾರುತ್ತದೆ. ಪಕ್ಕದ ಮೇಜಿನ ಕ್ಲೋರೊಫಾರ್ಮ್ ಆವಿ ಸಾಕು, ಯಂತ್ರ ಬರೆಯುವ ತಳಗೆರೆ (ಬೇಸ್‌ಲೈನ್) ಏರಿಬಿಡುತ್ತದೆ. ಅಯೊಡೈಡ್ ಕ್ರಿಯೆ ಪ್ರತಿ ಸಲ ಅಷ್ಟೇ ಮುಗಿಯುತ್ತದೆಂಬ ಭರವಸೆ ಇಲ್ಲ. ಅದಕ್ಕೇ ಒಂದು ಕಾರ್ಬನ್ ಹೆಚ್ಚಿರುವ ಸೋದರ ಅಣುವನ್ನು ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಕೆಯ ಅಳತೆಗಲ್ಲು) ಆಗಿ ಮೊದಲೇ ಬೆರೆಸಿ, ಯಂತ್ರ ಬರೆಯುವ ಎರಡು ಪೀಕ್‌ಗಳ (ಶಿಖರಗಳ) ಅನುಪಾತ ನೋಡುತ್ತಾರೆ.

1989ರಲ್ಲಿ ಗ್ರೊಶೊ ಮತ್ತು ಸಂಗಡಿಗರು ಹೆಚ್ಚಿನ ಮಟ್ಟಕ್ಕೂ ಯಕೃತ್ತಿನ ತೊಂದರೆಗೂ ಇರುವ ನಂಟು ತೋರಿಸಿದರು. ಆರು ಗಂಟೆಗೊಮ್ಮೆ ಕೊಡುವ ಕ್ರಮದಲ್ಲಿ ಒಂದು ಡೋಸ್‌ಗೆ 900ರಿಂದ 1500 ಮೈಕ್ರೊಮೋಲಾರ್-ನಿಮಿಷ (ರಕ್ತದ ಮಟ್ಟವನ್ನು ಅದು ಉಳಿದ ಹೊತ್ತಿನೊಡನೆ ಲೆಕ್ಕ ಹಾಕಿದ ಅಳತೆ) ಎಂಬ ಗುರಿ ಬಳಕೆಗೆ ಬಂತು. 360 ನಿಮಿಷದಿಂದ ಭಾಗಿಸಿ ಅಣುತೂಕ 246.3ರಿಂದ ಗುಣಿಸಿದರೆ, ಸರಾಸರಿ ಮಟ್ಟ ಮಿಲಿಲೀಟರಿಗೆ ಸುಮಾರು 615ರಿಂದ 1025 ನ್ಯಾನೊಗ್ರಾಂ. ಆರು ಗಂಟೆಯೊಳಗೆ ಮುಂದಿನ ಡೋಸ್ ಬರುತ್ತದೆ. ಅಯೊಡೈಡ್ ಹಂತಕ್ಕೆ ಕಾಯುವ ವ್ಯವಧಾನ ಎಲ್ಲಿ? ವಸ್ತುವನ್ನು ದ್ರವದಲ್ಲೇ ಬೇರ್ಪಡಿಸಿ ಅಣುವಿನ ತೂಕದಿಂದ ಗುರುತಿಸುವ, ಆ ಹಂತವೇ ಬೇಡದ ಎಲ್‌ಸಿ-ಎಂಎಸ್ ಯಂತ್ರಗಳು ಹಳೆಯದರ ಜಾಗ ಹಿಡಿದದ್ದು ಹೀಗೆ.

ಯಂತ್ರ ಯಾವುದೇ ಆಗಲಿ, ರಕ್ತ ತೆಗೆಯುವಲ್ಲಿ ಆದ ತಪ್ಪನ್ನು ಅದು ತಿದ್ದಲಾರದು. ಬುಸಲ್ಫಾನ್ ನೀರಿನಲ್ಲಿ ತಾನಾಗಿಯೇ ಒಡೆಯುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ಮೈಸೂರಿನ ಏಪ್ರಿಲ್ ಮಧ್ಯಾಹ್ನ ಟ್ಯೂಬ್ ಮೇಜಿನ ಮೇಲೆ ಕೂತರೆ ಅಂಕಿ ಸುಳ್ಳಾಗಿ ಇಳಿಯುತ್ತದೆ. ಅದನ್ನು ನಂಬಿ ಡೋಸ್ ಏರಿಸಿದರೆ ಯಕೃತ್ತಿಗೇ ಪೆಟ್ಟು. ರಕ್ತ ತೆಗೆದ ತಕ್ಷಣ ಟ್ಯೂಬನ್ನು ಐಸ್‌ಗೆ ಇಳಿಸಬೇಕು, ತಂಪು ಸೆಂಟ್ರಿಫ್ಯೂಜ್‌ನಲ್ಲಿ ಪ್ಲಾಸ್ಮಾ ಬೇರ್ಪಡಿಸಿ ಕೂಡಲೇ ಹೆಪ್ಪುಗಟ್ಟಿಸಬೇಕು. ಬೆಂಗಳೂರಿಗೆ ಕಳಿಸುವುದಾದರೆ ಸುಮಾರು 145 ಕಿ.ಮೀ. ದಾರಿಗೆ ಡ್ರೈ ಐಸ್ ಇರಲಿ. ಔಷಧವನ್ನು ರಕ್ತನಾಳಕ್ಕೆ ಹರಿಸಿದ ಕೊಳವೆಯಿಂದಲೇ (ಲೈನ್) ರಕ್ತ ಎಳೆದರೆ ಅಂಕಿ ಸುಳ್ಳಾಗಿ ಏರುತ್ತದೆ. ಚೀಟಿಯಲ್ಲಿ ಇನ್‌ಫ್ಯೂಷನ್ (ಔಷಧ ಹರಿಸುವುದು) ನಿಜವಾಗಿ ಶುರುವಾದ, ಮುಗಿದ ಹೊತ್ತನ್ನು ಬರೆಯಬೇಕು, ವೈದ್ಯರ ಆದೇಶದಲ್ಲಿದ್ದ ಹೊತ್ತನ್ನಲ್ಲ.