ಹಣವೇ ಇಲ್ಲದ ಕಾಲದಲ್ಲಿ ಸಾಲ ಹೇಗಿತ್ತು?

ಪ್ರಶ್ನೆ: ಸಾಲದ ಇತಿಹಾಸದ ಬಗ್ಗೆ ಡೇವಿಡ್ ಗ್ರೇಬರ್ ಬರೆದ ಪುಸ್ತಕ ಓದಲು ಶುರು ಮಾಡಿದೆ. ಹಣಕ್ಕಿಂತ ಸಾಲವೇ ಹಳೆಯದು ಅಂತ ಅದರಲ್ಲಿದೆ. ನನಗೆ ಅರ್ಥವಾಗಲಿಲ್ಲ. ಮೊದಲು ವಸ್ತು ವಿನಿಮಯ, ಆಮೇಲೆ ನಾಣ್ಯ, ಕೊನೆಗೆ ಬ್ಯಾಂಕು ಮತ್ತು ಸಾಲ ಅಂತಲ್ಲವೇ ನಾವು ಶಾಲೆಯಲ್ಲಿ ಕಲಿತದ್ದು? ಹಣವೇ ಇಲ್ಲದಿದ್ದರೆ ಸಾಲ ಅಂತ ಕೊಡುವುದಾದರೂ ಏನನ್ನು?

ಉತ್ತರ: ನಿಮ್ಮ ಮನೆಯಲ್ಲಿ ಸಕ್ಕರೆ ಮುಗಿದಿದೆ. ಲೋಟ ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿ ಕಡ ತರುತ್ತೀರಿ. ನಾಲ್ಕು ದಿನ ಬಿಟ್ಟು ಅಷ್ಟೇ ಸಕ್ಕರೆ, ಒಂದು ಚಮಚ ಜಾಸ್ತಿಯೇ ಇರಲಿ ಅಂತ ಹಾಕಿ, ವಾಪಸ್ ಕೊಡುತ್ತೀರಿ. ಇದರಲ್ಲಿ ಹಣ ಎಲ್ಲಿದೆ? ಎಲ್ಲೂ ಇಲ್ಲ. ಸಾಲ ಇದೆಯೇ? ಇದೆ. ಆ ಜಾಸ್ತಿ ಚಮಚವನ್ನು ಬಡ್ಡಿ ಅಂದರೂ ತಪ್ಪಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತೆರಡು ವರ್ಷ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಟ್ಟಿದ್ದೇನೆ. ಪ್ರತಿ ವರ್ಷ ಇದೇ ಪ್ರಶ್ನೆ. ಈಗ ಕಾಗದ ಬರೆಯುವ ಓದುಗರದ್ದೂ ಇದೇ ಪ್ರಶ್ನೆ. "ಮೊದಲು ವಸ್ತು ವಿನಿಮಯ ಇತ್ತು" ಅನ್ನುವ ಮಾತು ಎಷ್ಟು ಆಳಕ್ಕೆ ಇಳಿದಿದೆ ಅಂದರೆ, ಅದನ್ನು ಕಿತ್ತು ಹೊರಗೆ ಹಾಕದೆ ಸಾಲದ ಬಗ್ಗೆ ಯಾವ ಪುಸ್ತಕ ಓದಿದರೂ ತಲೆಗೆ ಹೋಗುವುದಿಲ್ಲ. ಆದ್ದರಿಂದ ಇವತ್ತು ಆ ಕೆಲಸವನ್ನೇ ಮಾಡೋಣ.

ಕಥೆ ನಿಮಗೆ ಗೊತ್ತು. ರಾಮನ ಹತ್ತಿರ ಕುರಿ ಇದೆ, ಅವನಿಗೆ ಅಕ್ಕಿ ಬೇಕು. ಭೀಮನ ಹತ್ತಿರ ಅಕ್ಕಿ ಇದೆ, ಆದರೆ ಅವನಿಗೆ ಕುರಿ ಬೇಡ, ಚಪ್ಪಲಿ ಬೇಕು. ಪಾಪ ರಾಮ ಕುರಿ ಎಳೆದುಕೊಂಡು ಊರೆಲ್ಲ ಸುತ್ತುತ್ತಾನೆ. ಈ ಕಷ್ಟ ತಪ್ಪಿಸಲು ಜನ ಹಣ ಕಂಡುಹಿಡಿದರು. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಪ್ಪು ಹಲಗೆಯ ಮೇಲೆ ಇದನ್ನೇ ಬರೆದವನು.

ಈಗ ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಿ. ರಾಮ, ಭೀಮ ಇಬ್ಬರೂ ಒಂದೇ ಊರಿನವರು. ಒಂದೇ ಬಾವಿಯ ನೀರು ಕುಡಿದವರು. ಆದರೂ ಇವತ್ತೇ, ಈ ಕ್ಷಣವೇ ಲೆಕ್ಕ ಚುಕ್ತಾ ಆಗಬೇಕು ಅನ್ನುವ ಹಾಗೆ ನಿಂತಿದ್ದಾರೆ. ನಿಜವಾದ ಊರಿನಲ್ಲಿ ಏನಾಗುತ್ತದೆ? "ಅಕ್ಕಿ ತಗೊಂಡು ಹೋಗಪ್ಪಾ, ಹಬ್ಬಕ್ಕೆ ಕುರಿ ಬೇಕಾದಾಗ ಕೇಳ್ತೀನಿ" ಅನ್ನುತ್ತಾನೆ ಭೀಮ. ಮುಗಿಯಿತು. ಕುರಿ ಎಳೆದುಕೊಂಡು ಸುತ್ತುವ ಕಷ್ಟವೇ ಇಲ್ಲ. ಇಲ್ಲಿ ಹುಟ್ಟಿದ್ದು ಸಾಲ. ಹಣ ಇನ್ನೂ ಬಂದಿಲ್ಲ.

ಈ ಕಥೆಯನ್ನು ಮನೆಮಾತು ಮಾಡಿದವರು ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್. 1776ರಲ್ಲಿ ಬಂದ ಅವರ ದೊಡ್ಡ ಪುಸ್ತಕದಲ್ಲಿ ಸ್ಕಾಟ್ಲೆಂಡಿನ ಒಂದು ಹಳ್ಳಿಯ ಮಾತು ಬರುತ್ತದೆ. ಅಲ್ಲಿ ಕೆಲಸಗಾರರು ದುಡ್ಡಿನ ಬದಲು ಮೊಳೆ ಹಿಡಿದುಕೊಂಡು ಬ್ರೆಡ್ಡಿನ ಅಂಗಡಿಗೆ ಹೋಗುತ್ತಾರಂತೆ. ತಾವು ಕಂಡದ್ದಲ್ಲ, ಕೇಳಿದ್ದು ಅಂತ ಸ್ಮಿತ್ ಅವರೇ ಬರೆದಿದ್ದಾರೆ. 1805ರಲ್ಲಿ ಅದೇ ಪುಸ್ತಕವನ್ನು ಮತ್ತೆ ಪ್ರಕಟಿಸಿದ ವಿಲಿಯಂ ಪ್ಲೇಫೇರ್ ಅಲ್ಲಿ ನಡೆಯುತ್ತಿದ್ದದ್ದು ಬೇರೆ ಅಂತ ತೋರಿಸಿದರು. ಮೊಳೆ ಮಾಡುವವರು ಬಡವರು. ವ್ಯಾಪಾರಿಗಳು ಅವರಿಗೆ ಕಬ್ಬಿಣವನ್ನೂ ಊಟದ ಸಾಮಾನನ್ನೂ ಉದ್ರಿ ಕೊಡುತ್ತಿದ್ದರು. ಮೊಳೆ ತಯಾರಾದ ಮೇಲೆ ಆ ಉದ್ರಿ ತೀರುತ್ತಿತ್ತು. ಅಂದರೆ ಮೊಳೆ ಹಣ ಆಗಿರಲಿಲ್ಲ, ಸಾಲದ ಕಂತು ಆಗಿತ್ತು. 1913ರಲ್ಲಿ ಆಲ್ಫ್ರೆಡ್ ಮಿಚೆಲ್ ಇನ್ನೆಸ್ ಎಂಬ ಬ್ರಿಟಿಷ್ ರಾಯಭಾರ ಕಚೇರಿಯ ಅಧಿಕಾರಿ ಬ್ಯಾಂಕಿಂಗ್ ಕಾನೂನಿನ ಒಂದು ಪತ್ರಿಕೆಯಲ್ಲಿ ಇದನ್ನೆಲ್ಲ ಮತ್ತೆ ಎತ್ತಿ ಬರೆದರು. 1985ರಲ್ಲಿ ಕೇಂಬ್ರಿಜ್‌ನ ಮಾನವಶಾಸ್ತ್ರಜ್ಞೆ ಕ್ಯಾರೊಲಿನ್ ಹಂಫ್ರಿ ಇನ್ನೂ ಕಡ್ಡಿ ಮುರಿದ ಹಾಗೆ ಹೇಳಿದರು: ಬರೀ ವಸ್ತು ವಿನಿಮಯದ ಮೇಲೆ ನಡೆಯುವ ಸಮಾಜವನ್ನು ಇದುವರೆಗೆ ಯಾರೂ ಕಂಡು ಬರೆದಿಲ್ಲ, ಅದರಿಂದ ಹಣ ಹುಟ್ಟಿದ್ದನ್ನಂತೂ ಇಲ್ಲವೇ ಇಲ್ಲ. ಗ್ರೇಬರ್ 2011ರಲ್ಲಿ ಮಾಡಿದ್ದು ಈ ಎಲ್ಲ ಎಳೆಗಳನ್ನು ಒಂದೇ ಕಡೆ ಹೆಣೆದದ್ದು. ನೂರಾರು ವರ್ಷ ಹಳೆಯ ತಿದ್ದುಪಡಿ ಇದು. ನಮ್ಮ ಪಾಠಕ್ಕೆ ಇನ್ನೂ ಬಂದಿಲ್ಲ ಅನ್ನುವುದೇ ನನ್ನ ಸಂಕಟ.

ಇಷ್ಟು ಹೇಳಿದ ಕೂಡಲೇ ಒಂದು ಕೈ ಮೇಲೆ ಬರುತ್ತದೆ. "ಸಾರ್, ನಮ್ಮಜ್ಜಿ ಭತ್ತ ಕೊಟ್ಟು ಉಪ್ಪು ತಗೋತಿದ್ರು. ಹಳೇ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತಗೋತಿದ್ರು. ಅದು ವಸ್ತು ವಿನಿಮಯ ಅಲ್ವಾ?"

ಹೌದು, ಅದು ವಿನಿಮಯವೇ. ಆದರೆ ಅಜ್ಜಿ ಹಣ ಕಾಣದ ಕಾಲದವರಲ್ಲ. ಉಪ್ಪಿನ ಸೇರಿಗೆ ಎಷ್ಟಾಣೆ, ಭತ್ತಕ್ಕೆ ಎಷ್ಟಾಣೆ ಅಂತ ಇಬ್ಬರ ತಲೆಯಲ್ಲೂ ಲೆಕ್ಕ ಇತ್ತು. ಪಾತ್ರೆಯವನು ಜರಿ ಸೀರೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡುವಾಗ ರೂಪಾಯಿಯಲ್ಲೇ ಯೋಚಿಸುತ್ತಿದ್ದ. ಇನ್ನೊಂದು ವಿಷಯ ಗಮನಿಸಿ. ಪಾತ್ರೆಯವನು ಊರಿನವನಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ತಲೆ ಮೇಲೆ ಬುಟ್ಟಿ ಹೊತ್ತು ಬರುವವನು. ನಾಳೆ ಸಿಗುತ್ತಾನೋ ಇಲ್ಲವೋ. ಆದ್ದರಿಂದ ಅಲ್ಲೇ ಕೊಟ್ಟು ಅಲ್ಲೇ ತಗೊಳ್ಳಬೇಕು. ವಿನಿಮಯ ನಡೆಯುವುದು ಹೀಗೆ, ಗುರುತಿಲ್ಲದವರ ನಡುವೆ. ಗುರುತಿದ್ದವರ ನಡುವೆ ನಡೆಯುವುದು ಕಡ, ಉದ್ರಿ, ಕೈಸಾಲ.

ನಮ್ಮ ಊರುಗಳನ್ನೇ ನೋಡಿ. ಆಯ ಅಂತ ಒಂದು ಪದ್ಧತಿ ಇತ್ತು. ಬಡಗಿ ನೇಗಿಲು ಮಾಡಿಕೊಡುತ್ತಿದ್ದ, ಕಮ್ಮಾರ ಗುಳ ತಟ್ಟಿಕೊಡುತ್ತಿದ್ದ, ಕುಂಬಾರ ಮಡಕೆ ತಂದಿಡುತ್ತಿದ್ದ. ಆ ಹೊತ್ತಿಗೆ ಯಾರೂ ಏನೂ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ರಾಗಿಯನ್ನೋ ಭತ್ತವನ್ನೋ ಅಳೆಸಿಕೊಂಡು ಹೋಗುತ್ತಿದ್ದರು. ಹನ್ನೆರಡು ಆಯಗಾರರು ಅಂತ ಹಳಬರು ಲೆಕ್ಕ ಹೇಳುತ್ತಾರೆ. ವರ್ಷವಿಡೀ ಇಡೀ ಊರು ಒಬ್ಬರಿಗೊಬ್ಬರು ಸಾಲದಲ್ಲಿ ಇರುತ್ತಿತ್ತು. ಇದು ಚೆಂದದ ಲೋಕವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಯಾರಿಗೆ ಎಷ್ಟು ಪಾಲು ಅನ್ನುವುದನ್ನು ಜಾತಿ ತೀರ್ಮಾನ ಮಾಡುತ್ತಿತ್ತು. ಅಳೆಯುವ ಕೊಳಗ ಹಿಡಿದವನು ಯಾವಾಗಲೂ ಹೊಲದ ಒಡೆಯನೇ.

ಮುಯ್ಯಿ ಅನ್ನುವ ಪದವನ್ನು ತೆಗೆದುಕೊಳ್ಳಿ. ಮದುವೆ ಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರಲ್ಲ, ಯಾರು ಎಷ್ಟು ಮುಯ್ಯಿ ಹಾಕಿದರು ಅಂತ ಬರೆದುಕೊಳ್ಳಲು? ಆ ನೋಟ್‌ಬುಕ್ಕನ್ನು ಯಾರೂ ಎಸೆಯುವುದಿಲ್ಲ. ಅವರ ಮನೆಯ ಮದುವೆಗೆ ಹೊರಡುವ ಮುಂಚೆ ತೆಗೆದು ನೋಡಲೇಬೇಕು. ನಾಟಿ ಕಾಲದಲ್ಲಿ ಇದೇ ಮುಯ್ಯಾಳು. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯ ನಾಲ್ಕು ಜನ, ನಾಳಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯ ನಾಲ್ಕು ಜನ. ಸಾಲ ಕೊಟ್ಟದ್ದು ಬೆನ್ನು ಬಗ್ಗಿಸಿದ ದಿನಗಳನ್ನು, ತೀರಿಸಿದ್ದೂ ಅದರಲ್ಲೇ. "ಹಣವಿಲ್ಲದೆ ಏನು ಸಾಲ ಕೊಡುವುದು" ಅಂತ ಕೇಳಿದಿರಲ್ಲ, ಇದನ್ನು.

ತುಂಬ ಹಳೆಯ ಪುರಾವೆ ಬೇಕಾದರೆ ಮೆಸೊಪೊಟೇಮಿಯಾಕ್ಕೆ ಹೋಗಬೇಕು, ಇಂದಿನ ಇರಾಕ್. ಕ್ರಿಸ್ತಪೂರ್ವ 3200ರ ಸುಮಾರಿಗೆ ಅಲ್ಲಿ ಬರವಣಿಗೆ ಶುರುವಾಯಿತು. ಏನು ಬರೆದರು ಗೊತ್ತಾ? ಹೆಚ್ಚಿನ ಪಾಲು ಲೆಕ್ಕ. ಎಷ್ಟು ಬಾರ್ಲಿ ಬಂತು, ಎಷ್ಟು ಹೋಯಿತು, ಯಾರಿಂದ ಬರಬೇಕು. ಕ್ರಿಸ್ತಪೂರ್ವ 1750ರ ಸುಮಾರಿನ, ಅಲ್ಲಿನ ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಟ್ಟಳೆಯಲ್ಲಿ ಹೆಂಡದಂಗಡಿಯ ಉದ್ರಿಗೂ ಒಂದು ಸಾಲಿದೆ. ಅಂಗಡಿಯಾಕೆ ಅರವತ್ತು ಅಳತೆ ಬಿಯರ್ ಸಾಲ ಕೊಟ್ಟರೆ ಸುಗ್ಗಿಯಲ್ಲಿ ಐವತ್ತು ಅಳತೆ ಬಾರ್ಲಿ ತೆಗೆದುಕೊಳ್ಳಬೇಕು. ಬಾರ್ಲಿ ಸಾಲಕ್ಕೆ ಮೂರನೇ ಒಂದು ಭಾಗ ಬಡ್ಡಿ, ಬೆಳ್ಳಿ ಸಾಲಕ್ಕೆ ಐದನೇ ಒಂದು ಭಾಗ. ನಾಣ್ಯ ಹುಟ್ಟಿದ್ದು ಯಾವಾಗ? ಇಂದಿನ ಟರ್ಕಿಯ ಲಿಡಿಯಾದಲ್ಲಿ, ಕ್ರಿಸ್ತಪೂರ್ವ ಏಳನೇ ಶತಮಾನದಲ್ಲಿ. ಅಂದರೆ ಹೆಂಡದಂಗಡಿಯ ಉದ್ರಿಗೂ ಮೊದಲ ನಾಣ್ಯಕ್ಕೂ ನಡುವೆ ಸಾವಿರ ವರ್ಷಕ್ಕಿಂತ ಜಾಸ್ತಿ ಅಂತರ.

ಆ ಸಾವಿರ ವರ್ಷ ಲೆಕ್ಕ ಹೇಗೆ ಇಟ್ಟರು? ಶೆಕೆಲ್ ಅನ್ನುವ ತೂಕದಲ್ಲಿ, ಸುಮಾರು ಎಂಟು ಗ್ರಾಂ ಬೆಳ್ಳಿ. ಅಷ್ಟು ಬೆಳ್ಳಿಯನ್ನು ಕೈಯಲ್ಲಿ ಹಿಡಿಯದೆಯೇ ಜನ ಶೆಕೆಲ್ ಲೆಕ್ಕದಲ್ಲಿ ಸಾಲ ಬರೆಸಿ, ಬಾರ್ಲಿಯಲ್ಲಿ ತೀರಿಸುತ್ತಿದ್ದರು. ಇದು ವಿಚಿತ್ರ ಅನ್ನಿಸಿದರೆ ನಮ್ಮ ಮೈಸೂರಿನ ಕಡೆಗೇ ತಿರುಗಿ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಕಂಠೀರಾಯ ಹಣ ಎಂಬ ಪುಟ್ಟ ಚಿನ್ನದ ನಾಣ್ಯ ಹೊರಡಿಸಿದರು. ಹತ್ತು ಹಣ ಸೇರಿದರೆ ಒಂದು ಕಂಠೀರಾಯ ವರಹ. ಆ ವರಹ ಬರೀ ಲೆಕ್ಕದ ಹೆಸರು. ಜನರ ಕೈಯಲ್ಲಿ ಓಡಾಡಿದ್ದು ಹಣ, ಕಡತದಲ್ಲಿ ಬರೆದದ್ದು ವರಹ. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಹಂಗಾದ್ರೆ ಹಣ ಅಂದ್ರೆ ಲೆಕ್ಕದ ಪುಸ್ತಕವಾ ಸಾರ್?" ಅಂದ. ಅವತ್ತು ನನಗೆ ಆದ ಖುಷಿ ಇನ್ನೂ ಮರೆತಿಲ್ಲ.

ಆ ಹುಡುಗ ಹೇಳಿದ್ದನ್ನು ನಾವೆಲ್ಲ 2016ರಲ್ಲಿ ಕಣ್ಣಾರೆ ಕಂಡೆವು. ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾಯಿತು. ಪಾಠದ ಕಥೆ ನಿಜವಾಗಿದ್ದರೆ ನಾವು ಕುರಿ ಎಳೆದುಕೊಂಡು ಹೊರಡಬೇಕಿತ್ತು. ನಮ್ಮ ಬೀದಿಯಲ್ಲಿ ಯಾರೂ ಹಾಗೆ ಮಾಡಲಿಲ್ಲ. ಹಾಲಿನವರು "ಇರಲಿ ಬಿಡಿ, ಬರ್ಕೋತೀನಿ" ಅಂದರು. ಕಿರಾಣಿ ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಉದ್ದನೆಯ ಉದ್ರಿ ಪುಸ್ತಕ ಮತ್ತೆ ಗಲ್ಲಾದ ಮೇಲೆ ಬಂತು. ಐರ್ಲೆಂಡಿನಲ್ಲಿ 1970ರ ಮೇ ತಿಂಗಳಿಂದ ನವೆಂಬರ್‌ವರೆಗೆ ಬ್ಯಾಂಕುಗಳು ಮುಷ್ಕರದಿಂದ ಮುಚ್ಚಿದ್ದವು. ಅಲ್ಲಿನ ಜನ ಚೆಕ್ ಬರೆದು ಬರೆದು ಕೊಟ್ಟರು. ಯಾರ ಚೆಕ್ಕು ನಂಬಬಹುದು ಅನ್ನುವುದು ಊರಿನ ಅಂಗಡಿ, ಪಬ್ಬು ನಡೆಸುವವರಿಗೆ ಗೊತ್ತಿತ್ತು. ಹಣ ಮಾಯವಾದಾಗ ಜನ ಹಿಂದಕ್ಕೆ ಹೋಗುವುದು ಸಾಲಕ್ಕೆ. ವಿನಿಮಯಕ್ಕಲ್ಲ.

ಗ್ರೇಬರ್ ಪುಸ್ತಕದ ಬಗ್ಗೆ ಒಂದು ಮಾತು. ಮೊದಲರ್ಧ ಗಟ್ಟಿ, ನಮ್ಮ ಕಾಲಕ್ಕೆ ಬಂದಂತೆ ಸಡಿಲ. ಮೊದಲ ಮುದ್ರಣದಲ್ಲಿ ಆಪಲ್ ಕಂಪನಿ ಹುಟ್ಟಿದ ಬಗ್ಗೆ ದೊಡ್ಡ ತಪ್ಪೇ ಇತ್ತು. ಅದರಿಂದ ಹಳೆಯ ಕಾಲದ ಅಧ್ಯಾಯಗಳಿಗೆ ಕುಂದಿಲ್ಲ. ಎರಡನೆಯ ಅಧ್ಯಾಯವನ್ನು ಮಾತ್ರ ಎರಡು ಸಲ ಓದಿ.

ನೀವು ಕೇಳಲಿಲ್ಲ, ಆದರೂ ಇದನ್ನು ಹೇಳದೆ ಇರಲಾರೆ. ಸಾಲ ಅಷ್ಟು ಹಳೆಯದಾದರೆ, ಬಡ್ಡಿ ಎಲ್ಲಿ ನಿಲ್ಲಬೇಕು ಅನ್ನುವ ಯೋಚನೆಯೂ ಹಳೆಯದೇ. ಅದಕ್ಕೆ ಪುಸ್ತಕ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣ ಆಗ ಬರೀ ಕಲ್ಯಾಣ, ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯ ಅಲ್ಲಿ 1076ರಿಂದ 1126ರವರೆಗೆ ಆಳಿದ. ಅವನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿ ಎಂಬ ಹಳೆಯ ಧರ್ಮಶಾಸ್ತ್ರ ಗ್ರಂಥಕ್ಕೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಹಿಂದೂ ಆಸ್ತಿ ಹಕ್ಕಿನ ವಿಷಯ ಬಂದಾಗ ಎಲ್ಲರೂ ಮಿತಾಕ್ಷರ ಅನ್ನುತ್ತಾರೆ. ಅದರಲ್ಲಿ ಸಾಲಕ್ಕೇ ಒಂದು ಪ್ರಕರಣ ಇದೆ ಅನ್ನುವುದನ್ನು ಮರೆಯುತ್ತಾರೆ. ಅದರ ಹೆಸರು ಋಣಾದಾನ.

ಅಲ್ಲಿ ಯಾಜ್ಞವಲ್ಕ್ಯನ ಲೆಕ್ಕ ಹೀಗಿದೆ. ಅಡವು ಇಟ್ಟು ಸಾಲ ತೆಗೆದರೆ ತಿಂಗಳಿಗೆ ಎಂಬತ್ತನೇ ಒಂದು ಭಾಗ ಬಡ್ಡಿ. ನಮ್ಮ ಮಾತಿನಲ್ಲಿ ನೂರಕ್ಕೆ ಒಂದೂಕಾಲು ರೂಪಾಯಿ. ಕಾಡು ದಾಟಿ ವ್ಯಾಪಾರಕ್ಕೆ ಹೋಗುವವರಿಗೆ ನೂರಕ್ಕೆ ಹತ್ತು, ಸಮುದ್ರ ದಾಟುವವರಿಗೆ ಇಪ್ಪತ್ತು. ಅಪಾಯ ಹೆಚ್ಚಾದಷ್ಟೂ ಬಡ್ಡಿ ಹೆಚ್ಚು ಅನ್ನುವುದು ಅಷ್ಟು ಹಿಂದೆಯೇ ಗೊತ್ತಿತ್ತು. ಅಡವು ಇಲ್ಲದ ಸಾಲಕ್ಕೆ ಮಾತ್ರ ವರ್ಣ ನೋಡಿ ಬಡ್ಡಿ: ಬ್ರಾಹ್ಮಣನಿಗೆ ನೂರಕ್ಕೆ ಎರಡು, ಶೂದ್ರನಿಗೆ ಐದು. ಕೈಯಲ್ಲಿ ಕಡಿಮೆ ಇದ್ದವನಿಗೇ ಜಾಸ್ತಿ ಬಡ್ಡಿ. ಇದು ಅನ್ಯಾಯ ಅಂತ ಓದುವಾಗಲೇ ಹೇಳಿಕೊಳ್ಳಬೇಕು.

ಅದೇ ಪ್ರಕರಣದಲ್ಲಿ ಬಡ್ಡಿಯ ಮಿತಿಯೂ ಇದೆ. ಸಾಲ ಬೆಳೆದು ಬೆಳೆದು ಚಿನ್ನವಾದರೆ ಎರಡರಷ್ಟು, ಧಾನ್ಯವಾದರೆ ಮೂರರಷ್ಟು, ಬಟ್ಟೆಯಾದರೆ ನಾಲ್ಕರಷ್ಟು. ಅದರಾಚೆ ಬೆಳೆಯುವಂತಿಲ್ಲ. ಈ ಎರಡರಷ್ಟು ಅನ್ನುವ ನಿಯಮವೇ ಮುಂದೆ ದಾಮ್‌ದುಪ್ಪಟ್ ಅಂತ ಹೆಸರು ಪಡೆಯಿತು. ಬಾಕಿ ಬಡ್ಡಿ ಅಸಲನ್ನು ಮೀರಬಾರದು ಅಂತ ಬ್ರಿಟಿಷರ ಕಾಲದ ಬೊಂಬಾಯಿ ಪ್ರಾಂತ್ಯದ ನ್ಯಾಯಾಲಯಗಳೂ ಇದನ್ನು ಒಪ್ಪಿ ತೀರ್ಪು ಕೊಟ್ಟವು. ಧಾರವಾಡ, ಬೆಳಗಾವಿ, ವಿಜಯಪುರ ಆಗ ಆ ಪ್ರಾಂತ್ಯದಲ್ಲೇ ಇದ್ದವು.

ಒಂದು ಲೆಕ್ಕ ಹಾಕಿ ನೋಡಿ. ಹತ್ತು ಸಾವಿರ ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿ. ಒಂದು ಕಂತೂ ಕಟ್ಟಲು ಆಗಲಿಲ್ಲ ಅಂತಿಟ್ಟುಕೊಳ್ಳಿ. ಇಪ್ಪತ್ತು ತಿಂಗಳಿಗೆ ಬಡ್ಡಿಯೇ ಹತ್ತು ಸಾವಿರ. ಕಲ್ಯಾಣದ ಪುಸ್ತಕದ ಪ್ರಕಾರ ಬಡ್ಡಿ ಅಲ್ಲಿಗೆ ನಿಲ್ಲಬೇಕು. ಮೀಟರ್ ಬಡ್ಡಿಯವರು ಇಪ್ಪತ್ತೊಂದನೇ ತಿಂಗಳೂ ಬಾಗಿಲಿಗೆ ಬರುತ್ತಾರೆ.